ಹತ್ತುವ ಗಾಡಿಗೆ ದಾರಿ

10 ನವೆಂಬರ್ 2013, ಭಾನುವಾರ

ಕೊಲ್ಲೂರಿನಿಂದ ಕೊಡಚಾದ್ರಿಗೆ ಎರಡು ಟ್ರಿಪ್. ಎರಡನೆಯದರಲ್ಲಿ ಕೇರಳದ ಯಾತ್ರಿಕರು. ಅರ್ಧ ದಾರಿಯಲ್ಲಿ ಎದುರಿಗೆ ಬೈಕಿನವರ ಹಿಂಡು. ಹತ್ತುವ ಗಾಡಿಗೆ ಮೊದಲು ದಾರಿ ಬಿಡಬೇಕು — ಅಷ್ಟೂ ಬುದ್ಧಿ ಇಲ್ಲ. ಕಲ್ಲಿನ ಮೇಲೆ ಕ್ಲಚ್ ಹಿಡಿದು ನಿಂತೆ. ಸುಟ್ಟ ವಾಸನೆ. ಒಬ್ಬ ಹೆಲ್ಮೆಟ್ಟಿನ ಕ್ಯಾಮರಾ ನನ್ನ ಕಡೆ ತಿರುಗಿಸಿ ಕೈ ಬೀಸಿದ. ಬೀಸುತ್ತಾನಂತೆ.

ಬಚ್ಚಣ್ಣನಿಗೆ ಹೇಳಿದೆ. ಈ ದಾರಿಯಲ್ಲಿ ನನಗೆ ಜೀಪು ಕಲಿಸಿದವರು. "ಅವ್ರಿಗ್ ಗೊತ್ತಿಲ್ಲ ಮಾರಾಯ. ಹೇಳ್ಕೊಡ್ಕ್" ಅಂದರು. ನಾನೆಂತ ಮೇಷ್ಟ್ರಾ?

24 ನವೆಂಬರ್

ಪೆನ್ನು ಒತ್ತಿ ಕಾಗದ ಹರಿಯಿತು. ಸಿಟ್ಟಿಗೆ.

ಸಾಲಾಗಿ ಇಳಿಯುವಾಗ ನಾವು ಕಡೆಯ ಜೀಪಿನ ಕನ್ನಡಿಗೆ ಸೊಪ್ಪು ಕಟ್ಟುತ್ತೇವೆ. ಹಿಂದೆ ಯಾರೂ ಇಲ್ಲ, ಕೆಳಗೆ ಕಾಯುವವರು ಹತ್ತಬಹುದು ಅಂತ. ಇವತ್ತು ಬೆಂಗಳೂರಿನ ಫೋರ್ ಬೈ ಫೋರ್‌ನವರು ಅದನ್ನು ಅಲಂಕಾರ ಅಂದುಕೊಂಡು ತಮ್ಮ ಮೊದಲನೇ ಗಾಡಿಗೇ ಕಟ್ಟಿಕೊಂಡು ಇಳಿದಿದ್ದಾರೆ. ನನ್ನ ತಮ್ಮ ಸಚಿನ್ ಸೊಪ್ಪು ನೋಡಿ ಹತ್ತಿದ. ತಿರುವಿನಲ್ಲಿ ಎರಡನೇ ಗಾಡಿ ಮೈಮೇಲೆ ಬಂತು. ತಪ್ಪಿಸಲು ಹೋಗಿ ಜೀಪು ಮಗುಚಿತು. ಬಲಗಾಲು ಎರಡು ಕಡೆ ಮುರಿದಿದೆ. ಪುಣ್ಯಕ್ಕೆ ಜನ ಕೂತಿರಲಿಲ್ಲ.

"ಸಾರಿ ಬ್ರದರ್, ಚೆನ್ನಾಗಿ ಕಾಣ್ತು ಅಂತ ಕಟ್ಟಿದ್ವಿ."

ಚೆನ್ನಾಗಿ ಕಂಡಿತಂತೆ. ಕಪಾಳಕ್ಕೆ ಬಾರಿಸುವವನಿದ್ದೆ. ಬಚ್ಚಣ್ಣ ಹಿಡಿದುಕೊಂಡರು. ಅವರ ಮೇಲೂ ಸಿಟ್ಟು ಬಂತು.

2 ಡಿಸೆಂಬರ್

ಸಚಿನ್ ಆಸ್ಪತ್ರೆಯಿಂದ ಮನೆಗೆ ಬಂದ. "ಅಣ್ಣ, ನಂಗ್ ಇನ್ ಜೀಪ್ ಬಿಡುಕ್ ಆತ್ತಾ?"

ಆತ್ತ್ ಅಂದೆ. ಡಾಕ್ಟರು ಹಾಗೆ ಹೇಳಿಲ್ಲ.

ಇನ್ನು ಆ ಜನಕ್ಕೆ ಒಂದಿಂಚು ದಾರಿ ಬಿಟ್ಟರೆ ಕೇಳು.

15 ಡಿಸೆಂಬರ್, ಸಂಜೆ

ಬೆಳಿಗ್ಗೆ ಖಾಲಿ ಜೀಪು ಹತ್ತಿಸುತ್ತಿದ್ದೆ. ಎದುರಿಗೆ ಕೆಂಪು ಫೋರ್ ಬೈ ಫೋರ್. ಹಾರ್ನ್ ಬಾರಿಸುತ್ತ, ಹೆಡ್‌ಲೈಟ್ ಹಾಕಿಕೊಂಡು. ಅದೇ ಜನವೋ ಬೇರೆಯೋ... ನನಗೆ ಎಲ್ಲ ಒಂದೇ. ನನ್ನ ಹಿಂದೆಯೇ ಅಗಲದ ಜಾಗ ಇತ್ತು. ಹೋಗಲಿಲ್ಲ. ಎಂಜಿನ್ ಬಂದ್ ಮಾಡಿ ಕೀ ಜೇಬಿಗೆ ಹಾಕಿದೆ.

ಗಡ್ಡದವನೊಬ್ಬ ಇಳಿದು ಓಡಿ ಬಂದ. "ಸರ್, ಒಳಗೆ ಪೇಷೆಂಟ್ ಇದಾರೆ. ಸ್ವಲ್ಪ ಹಿಂದೆ ತಗೊಳಿ, ಪ್ಲೀಸ್."

"ನಿಮ್ ನಾಟ್ಕ ಎಲ್ಲ ನಂಗ್ ಗೊತ್ತಿತ್. ಮೇಲ್ ಹೋಪ ಗಾಡಿಗ್ ಮೊದಲ್ ದಾರಿ. ನೀವೇ ರಿವರ್ಸ್ ತಕಣಿ."

ಕೈ ಮುಗಿದ. ನಾನು ಬೀಡಿ ಹಚ್ಚಿದೆ. ಹಿತವಾಗಿತ್ತು — ಸುಳ್ಳು ಯಾಕೆ ಹೇಳಲಿ. ಅವರು ಹಿಂದಕ್ಕೆ ಹತ್ತಿಸಲು ನೋಡಿದರು. ಚಕ್ರ ಜಾರಿತು. ಮತ್ತೆ ಜಾರಿತು. ಬೀಡಿ ಮುಗಿಯಿತು.

ಆಗ ಹಿಂದಿನ ಬಾಗಿಲು ತೆರೆಯಿತು. ಸೀಟಿನ ಮೇಲೆ ಬಚ್ಚಣ್ಣ. ಎದೆ ಹಿಡಿದುಕೊಂಡಿದ್ದರು. ಮುಖವೆಲ್ಲ ಬೆವರು.

"ಉಮಾ... ಗಾಡಿ ತೆಗಿ ಮಗಾ."

ಮೇಲೆ ಎದೆನೋವು ಬಂದು ಬಿದ್ದಿದ್ದ ಬಚ್ಚಣ್ಣನನ್ನು ಎತ್ತಿ ತಂದದ್ದು ಆ ಕೆಂಪು ಗಾಡಿಯವರು. ಕೀ ಜೇಬಿನಿಂದ ಬರಲೇ ಇಲ್ಲ, ಬಟ್ಟೆಗೆ ಸಿಕ್ಕಿಕೊಂಡು... ಕೊನೆಗೆ ಕಿತ್ತು ತೆಗೆದು ಜೀಪು ಹಿಂದಕ್ಕೆ ಬಿಟ್ಟೆ. ಕುಂದಾಪುರದವರೆಗೂ ಅವರ ಹಿಂದೆಯೇ ಹೋದೆ. ಐಸಿಯು.

16 ಡಿಸೆಂಬರ್

ಬೆಳಗಿನ ಜಾವ ಹೋದರು. ಸ್ವಲ್ಪ ಮುಂಚೆ ತಂದಿದ್ದರೆ ಅಂದರು ಡಾಕ್ಟರು.

ಜೀಪ್ ಸ್ಟ್ಯಾಂಡಿನ ಡ್ರೈವರುಗಳೆಲ್ಲ ಆಸ್ಪತ್ರೆಯ ಅಂಗಳದಲ್ಲಿ ಬೆಂಗಳೂರಿನವರ ಮೇಲೆ ಹಾರಾಡುತ್ತಿದ್ದಾರೆ. ಅವರ ಗಾಡಿಗಳೇ ದಾರಿಗೆ ಅಡ್ಡ ಬಂದು ತಡವಾಯಿತಂತೆ. ಗಡ್ಡದವನು ಅಲ್ಲೇ ಗೋಡೆಗೆ ಒರಗಿ ನಿಂತಿದ್ದ. ಎಲ್ಲ ಕೇಳಿಸಿಕೊಂಡ. ನನ್ನನ್ನು ನೋಡಿದ. ಅವನಿಗೆ ಹೇಳಲಿಕ್ಕೆ ಏನಾಗಿತ್ತು? ಬಾಯಿ ಇರಲಿಲ್ಲವೇ?

ಬಚ್ಚಣ್ಣನ ಹೆಂಡತಿ ಜಲಜಕ್ಕ ನನ್ನ ಕೈ ಹಿಡಿದುಕೊಂಡರು. "ಉಮಾ, ನೀ ಅಲ್ಲೇ ಇದ್ದಿದ್ಯಂಬ್ರ್. ದಾರಿ ಬಿಡ್ದೆ ನಿಂತದ್ ಯಾರಾ?"

ನಾನು ಹೇಳಿದೆ, "ಜಲಜಕ್ಕ, ಅದ್ ನಾನೇ."