ಎರಡು ವರ್ಷ ಅನುಭವವಿರುವ ಹೊಸಬಳ ಪರವಾಗಿ

ನೇಮಕಾತಿ ವಿಭಾಗದ ಮುಖ್ಯಾಧಿಕಾರಿಗಳೇ,

ಮಾನ್ಯರೇ ಎಂದು ಶುರುಮಾಡಬೇಕಿತ್ತು. ಆದರೆ ಯಾರು ಮಾನ್ಯರು, ಯಾರು ಅಮಾನ್ಯರು ಎಂದು ತೀರ್ಮಾನಿಸುವ ಅಧಿಕಾರ ತಮ್ಮದೇ ಆಗಿರುವುದರಿಂದ ಆ ಪದವನ್ನು ತಮ್ಮ ಪರಿಶೀಲನೆಗೇ ಬಿಟ್ಟಿದ್ದೇನೆ. ವಿಷಯಕ್ಕೆ ಬರುತ್ತೇನೆ. ತಮ್ಮ ದಾಖಲೆ ಶಾಖೆಯ ಕಿರಿಯ ಸಹಾಯಕರ ಹುದ್ದೆಗೆ ನನ್ನ ಅಕ್ಕನ ಮಗಳು ಹಾಕಿದ್ದ ಅರ್ಜಿಯನ್ನು ಕಳೆದ ಬುಧವಾರ ತಿರಸ್ಕರಿಸಿದ್ದೀರಿ. ಅವಳ ಅನುಭವ ಪ್ರಮಾಣಪತ್ರದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಕಾರಣವನ್ನೂ ಬರೆದಿದ್ದೀರಿ: "ಪದ್ಯರೂಪದಲ್ಲಿದೆ. ನೈಜತೆ ಸಂಶಯಾಸ್ಪದ." ಆ ಪ್ರಮಾಣಪತ್ರ ಬರೆದ ಪಾಪಿ ನಾನೇ. ಅದರಲ್ಲಿರುವ ಪ್ರತಿಯೊಂದು ಅಕ್ಷರವೂ ನಿಜ. ಸಂದರ್ಶನ ಬರುವ ಸೋಮವಾರ ಬೆಳಗ್ಗೆ ಹತ್ತಕ್ಕೆ. ಅಷ್ಟರೊಳಗೆ ಅವಳ ಹೆಸರು ಪಟ್ಟಿಗೆ ಸೇರಬೇಕು, ಏಕೆಂದರೆ ಇನ್ನು ಮೂರು ತಿಂಗಳು ಕಳೆಯುವ ಮೊದಲೇ ತಮ್ಮ ನಿಯಮದ ಪ್ರಕಾರ ಅವಳು ಹೊಸಬಳಾಗಿ ಉಳಿಯುವುದಿಲ್ಲ.

ಈ ಹೊಸಬಳು, ಹಳಬಳು ಎಂಬ ಗೊಂದಲವನ್ನು ಹುಟ್ಟುಹಾಕಿದವರು ನಾವಲ್ಲ. ತಮ್ಮ ಪ್ರಕಟಣೆಯ ನಾಲ್ಕನೇ ಸಾಲು ಹೀಗಿತ್ತು: "ಹೊಸ ಪದವೀಧರರಿಗೆ ಮಾತ್ರ. ಪದವಿ ಪಡೆದು ಎರಡು ವರ್ಷ ಮೀರಿರಬಾರದು." ಐದನೇ ಸಾಲು: "ಕಚೇರಿ ಕೆಲಸದಲ್ಲಿ ಕನಿಷ್ಠ ಎರಡು ವರ್ಷದ ಅನುಭವ ಕಡ್ಡಾಯ." ಈ ಎರಡು ಸಾಲುಗಳನ್ನು ಬರೆದವರು ಒಬ್ಬರೇ ಆಗಿರಲಾರರು, ಒಬ್ಬರೇ ಆಗಿದ್ದರೆ ನಡುವೆ ಎದ್ದು ಊಟಕ್ಕೆ ಹೋಗಿ ಬಂದಿರಬೇಕು. ಇಂಥ ಅಭ್ಯರ್ಥಿ ಭೂಮಿಯ ಮೇಲೆ ಇರಬೇಕಾದರೆ ಅವನು ಪದವಿ ಪ್ರದಾನದ ವೇದಿಕೆಯಿಂದ ಇಳಿದವನೇ ನೇರವಾಗಿ ಯಾವುದಾದರೂ ಕಚೇರಿಯ ಕುರ್ಚಿಯಲ್ಲಿ ಕೂತಿರಬೇಕು, ಸರಿಯಾಗಿ ಎರಡು ವರ್ಷ ತುಂಬಿದ ದಿನವೇ ತಮ್ಮ ಪ್ರಕಟಣೆ ಹೊರಬಿದ್ದಿರಬೇಕು, ಅಂದೇ ಸಂಜೆ ಐದರೊಳಗೆ ಅವನು ಓಡಿಬಂದು ಅರ್ಜಿ ಮುಟ್ಟಿಸಿರಬೇಕು. ಮೊದಲ ಕೆಲಸ ಕೇಳಿಕೊಂಡು ಬಂದವರನ್ನು ನಿಮ್ಮ ಹಿಂದಿನ ಕೆಲಸ ಯಾವುದು ಎಂದು ಕೇಳುವ ಈ ಪದ್ಧತಿಯನ್ನು ಕಂಡುಹಿಡಿದವರು ಬಹುಶಃ ಈಜು ಬಂದಮೇಲೆ ಮಾತ್ರ ನೀರಿಗಿಳಿದವರು.

ತಮಾಷೆ ಎಂದರೆ, ಅಂಥ ಒಬ್ಬಳು ಇದ್ದಳು. ಕೊನೆಯ ಪರೀಕ್ಷೆ ಮುಗಿದ ಮೂರನೇ ದಿನವೇ ನನ್ನ ಅಂಗಡಿಗೆ ಬಂದು ಕೂತವಳು ಅವಳು. ವಿಶ್ವವಿದ್ಯಾಲಯದವರು ಫಲಿತಾಂಶ ಕೊಡಲು ಐದು ತಿಂಗಳು ತೆಗೆದುಕೊಂಡರು. ಹಾಗಾಗಿ ಅರ್ಜಿ ಹಾಕುವ ಕೊನೆಯ ದಿನಕ್ಕೆ ಅವಳ ಪದವಿಗೆ ಒಂದು ವರ್ಷ ಒಂಬತ್ತು ತಿಂಗಳು, ಅನುಭವಕ್ಕೆ ಎರಡು ವರ್ಷ ಎರಡು ತಿಂಗಳು. ವಿಶ್ವವಿದ್ಯಾಲಯದ ಆಲಸ್ಯ ಅದರ ಇತಿಹಾಸದಲ್ಲೇ ಮೊದಲ ಬಾರಿಗೆ ಒಬ್ಬರ ಉಪಯೋಗಕ್ಕೆ ಬಂದಿತ್ತು. ಅದನ್ನೂ ನಾನು ಕೆಡಿಸಿದೆ.

ನಾನು ಯಾರು ಎಂದು ತಮಗೆ ತಿಳಿಯದಿರಬಹುದು. ನನ್ನ ಬೋರ್ಡು ತಮ್ಮ ಕಿಟಕಿಗೆ ಕಾಣುತ್ತದೆ. ತಮ್ಮ ಗೇಟಿನಿಂದ ರಸ್ತೆ ದಾಟಿದರೆ ಮೂವತ್ತೆರಡು ಹೆಜ್ಜೆ. ಹಸಿರು ಬಾಗಿಲಿನ ಜೆರಾಕ್ಸ್ ಅಂಗಡಿ; ಟೈಪಿಂಗ್, ಲ್ಯಾಮಿನೇಶನ್, ಅರ್ಜಿ ತುಂಬಿಕೊಡುವುದು. ನಾನೂ ಪದವೀಧರನೇ. ಮನೆಯಲ್ಲಿ ಆಡುವ ಭಾಷೆಯಲ್ಲೇ ಓದಿ ಪದವಿ ಪಡೆದೆ ಎಂಬ ಧೈರ್ಯದಲ್ಲಿ ಇಪ್ಪತ್ತೆರಡು ವರ್ಷದ ಕೆಳಗೆ ತಮ್ಮದೇ ಕಚೇರಿಯ ಸಂದರ್ಶನಕ್ಕೆ ಬಂದಿದ್ದೆ. ಆಗಿನ ಅಧಿಕಾರಿ ಒಂದೇ ಪ್ರಶ್ನೆ ಕೇಳಿದರು, ಓದಿದ್ದು ಯಾವ ಮಾಧ್ಯಮದಲ್ಲಿ ಎಂದು. ಉತ್ತರ ಹೇಳಿದೆ. "ಒಳ್ಳೇದು, ತಿಳಿಸ್ತೀವಿ" ಅಂದರು. ಇನ್ನೂ ತಿಳಿಸಿಲ್ಲ. ಆರು ತಿಂಗಳು ಕಾದು, ಒಳಗೆ ಬಿಡದಿದ್ದರೆ ಎದುರಿಗಾದರೂ ಕೂರೋಣ ಎಂದು ಈ ಅಂಗಡಿ ಹಾಕಿದೆ. ಸಿಟ್ಟಿನಲ್ಲಿ ಹಾಕಿದ ಅಂಗಡಿ ಹೊಟ್ಟೆಪಾಡಿಗೆ ಆಯಿತು. ಪ್ರಾಸ ಕಟ್ಟುವ ಚಟ ಮಾತ್ರ ಕಾಲೇಜಿನಿಂದ ಜೊತೆಗೆ ಬಂತು; ಬಾಗಿಲಿಗೆ "ಚಿಲ್ಲರೆ ತನ್ನಿ, ತಾಳ್ಮೆಯೂ ಇರಲಿ, ಚೂರು ತಡವಾದರೆ ಬೇಸರ ಬಾರದಿರಲಿ" ಎಂದು ಬರೆದು ಅಂಟಿಸಿದವನು ನಾನು. ಇದರಿಂದ ಇಷ್ಟು ದಿನ ಯಾರಿಗೂ ತೊಂದರೆಯಾಗಿರಲಿಲ್ಲ.

ಪ್ರಮಾಣಪತ್ರ ಬರೆಯಲು ಕೂತ ದಿನ ಹುಡುಗಿ ಮೊದಲೇ ಎಚ್ಚರಿಸಿದ್ದಳು.

"ಮಾಮ, ಇದೊಂದು ಕಾಗದದಲ್ಲಿ ಪ್ರಾಸ ಬೇಡ. ಬೇಕಾದ್ರೆ ನನ್ನ ಮದುವೆ ಕಾಗದದಲ್ಲಿ ಹೊಟ್ಟೆ ತುಂಬ ಹಾಕ್ಕೋ."

"ನನ್ನನ್ನ ಏನಂದ್ಕೊಂಡಿದ್ದೀಯ? ನಂಗೂ ಕಚೇರಿ ಭಾಷೆ ಬರುತ್ತೆ."

"ಬರುತ್ತೆ, ಗೊತ್ತು. ಬಂದು ನಿಲ್ಲಲ್ಲ, ಅದೇ ಭಯ."

ನಾನು ಮಾತನ್ನು ಒಣಗಿಸಿ ಒಣಗಿಸಿಯೇ ಬರೆದೆ. ಅಂಗಡಿ ತುಂಬ ಜನ, ಕೊನೆಯ ದಿನದ ನೂಕುನುಗ್ಗಲು. ಅವಳು ಓದದೆ ಲಗತ್ತಿಸಿದಳು. ಆ ಸಾಲುಗಳು ಹೀಗಿವೆ: "ಈಕೆ ನಮ್ಮಲ್ಲಿ ಎರಡು ವರ್ಷ ಎರಡು ತಿಂಗಳು ಕೆಲಸ ಮಾಡಿರುತ್ತಾರೆ. ಬಂದವರ ಅರ್ಜಿಗಳನ್ನು ತಾಳ್ಮೆಯಿಂದ ತುಂಬಿಕೊಟ್ಟಿರುತ್ತಾರೆ. ಒಂದು ಕಾಗದ ಕಳೆದಿಲ್ಲ, ಒಂದು ಕೆಲಸ ಉಳಿದಿಲ್ಲ. ಎದುರು ಮಾತಾಡಿಲ್ಲ, ಎಡವಟ್ಟು ಮಾಡಿಲ್ಲ." ತಾವು ಕೆಂಪು ಗೆರೆ ಎಳೆಯುವವರೆಗೆ ಇದರಲ್ಲಿ ಪ್ರಾಸವಿದೆ ಎಂದು ನನಗೆ ಹೊಳೆದಿರಲಿಲ್ಲ ಎಂದರೆ ನಂಬುತ್ತೀರಾ? ಮೈಗಂಟಿದ ಚಟ ಕೈಗೆ ಗೊತ್ತಾಗುವುದಿಲ್ಲ. ಸುಳ್ಳೊಂದಿದ್ದರೆ ಅದು "ಎದುರು ಮಾತಾಡಿಲ್ಲ" ಎಂಬುದು ಮಾತ್ರ. ಅದನ್ನು ಬೇಕಾದರೆ ಹಿಂದಕ್ಕೆ ಪಡೆಯುತ್ತೇನೆ.

ಆದರೆ ಒಂದು ಅನುಮಾನ. ತಮ್ಮ ತಿರಸ್ಕಾರ ಪತ್ರವನ್ನು ತಾವು ಗಟ್ಟಿಯಾಗಿ ಓದಿ ನೋಡಿದ್ದೀರಾ? "ತಮ್ಮ ಅರ್ಜಿಯನ್ನು ಸ್ವೀಕರಿಸಲಾಗಿದೆ, ಕೂಲಂಕಷವಾಗಿ ಪರಿಶೀಲಿಸಲಾಗಿದೆ, ಸಕಾರಣವಾಗಿ ತಿರಸ್ಕರಿಸಲಾಗಿದೆ." ಚಪ್ಪಾಳೆ ತಟ್ಟಿಕೊಂಡು ಹಾಡಬಹುದು. ಇದರ ನೈಜತೆಯನ್ನು ನಾವು ಸಂಶಯಿಸಿದೆವೇ?

ಆ ಪತ್ರ ಅವಳ ಕೈಸೇರಿದ ಬಗೆಯನ್ನು ಹೇಳದೆ ನನ್ನ ವಾದ ಪೂರ್ತಿಯಾಗದು. ತಮ್ಮ ಕಚೇರಿಯ ಜೆರಾಕ್ಸ್ ಯಂತ್ರ ಕೆಟ್ಟು ಕೂತು ಎರಡು ತಿಂಗಳಾಯಿತು. ಹಾಗಾಗಿ ತಮ್ಮ ಅಟೆಂಡರ್ ದಿನಾ ಬೆಳಗ್ಗೆ ಕಡತ ಹಿಡಿದು ನಮ್ಮಲ್ಲಿಗೆ ಬರುತ್ತಾರೆ. ಬುಧವಾರ ತಂದ ಕಟ್ಟಿನಲ್ಲಿ ಅರವತ್ತನಾಲ್ಕು ತಿರಸ್ಕಾರ ಪತ್ರಗಳಿದ್ದವು, ಪ್ರತಿಯೊಂದಕ್ಕೂ ಆಯಾ ಅಭ್ಯರ್ಥಿಯ ಕಾಗದ ಲಗತ್ತು. ಹುಡುಗಿ ಒಂದೊಂದೇ ಪಿನ್ನು ಬಿಚ್ಚಿ, ಪ್ರತಿ ತೆಗೆದು, ಮತ್ತೆ ಪಿನ್ನು ಹಾಕುತ್ತಿದ್ದಳು. ಮೂವತ್ತೊಂಬತ್ತನೆಯದಕ್ಕೆ ಯಂತ್ರದ ಸದ್ದು ನಿಂತಿತು.

"ಪೇಪರ್ ಸಿಕ್ಕಾಕ್ಕೊಂತಾ?" ಅಂತ ಕೇಳಿದೆ.

"ಇಲ್ಲ ಮಾಮ. ಇದು ನಂದು."

ಅಟೆಂಡರ್ ಅವಸರದಲ್ಲಿದ್ದರು, ಅವರಿಗೆ ಕೇಳಿಸಲಿಲ್ಲ. ಅವಳು ಪ್ರತಿ ತೆಗೆದಳು. ಅವರು ಕಟ್ಟನ್ನು ತಿರುವಿಹಾಕಿ ಅದೇ ಒಂದನ್ನು ಎಳೆದು ಹಿಡಿದರು. "ತಂಗಿ, ಇದೊಂದು ಮಸುಕಾಗಿದೆ ನೋಡಮ್ಮ. ಸಾಹೇಬ್ರು ಬೈತಾರೆ. ಇನ್ನೊಂದು ತೆಗೆದುಬಿಡು."

ಅವಳು ಗಾಜು ಒರೆಸಿ, ಕಾಗದ ನೇರ ಮಾಡಿ, ಇನ್ನೊಂದು ತೆಗೆದುಕೊಟ್ಟಳು. ಉಳಿದ ಇಪ್ಪತ್ತೈದನ್ನೂ ಮುಗಿಸಿ, ಎಣಿಸಿ, ಕಟ್ಟಿಗೆ ದಾರ ಕಟ್ಟಿ, "ಅಂಕಲ್, ನಲವತ್ತೇಳನೇದಕ್ಕೆ ಸಹಿ ಬಿದ್ದಿಲ್ಲ, ಸಾಹೇಬ್ರಿಗೆ ಹೇಳಿ" ಅಂದಳು. ಅಟೆಂಡರ್ ಕೈಮುಗಿದು ಹೋದರು. ತನ್ನ ಹಣೆಬರಹದ ಎರಡು ಪ್ರತಿಗಳನ್ನು ತಾನೇ ತೆಗೆದು, ಅದರಲ್ಲಿ ಸ್ಫುಟವಾದದ್ದನ್ನು ಆರಿಸಿ ಇಲಾಖೆಗೆ ಒಪ್ಪಿಸಿದವಳಿಗೆ ಕಚೇರಿ ಕೆಲಸದ ಅನುಭವವಿಲ್ಲ ಎನ್ನುತ್ತೀರಿ. ಇನ್ನೆಂಥ ಅನುಭವ ಬೇಕು, ಮಹಾಸ್ವಾಮಿ?

ಮಾರನೆಯ ದಿನ ನಾನು ಒಳಗೆ ಬಂದಿದ್ದೆ. ತಮ್ಮ ದರ್ಶನ ಸಿಗಲಿಲ್ಲ. ಶಾಖೆಯ ಮೇಲ್ವಿಚಾರಕರು ಸಿಕ್ಕರು. ಕನ್ನಡಕ ಹಣೆಗೇರಿಸಿ ಪ್ರಮಾಣಪತ್ರವನ್ನು ಇನ್ನೊಮ್ಮೆ ಓದಿದರು. ಓದುವಾಗ ಅವರ ಕಾಲು ತಾಳ ಹಾಕುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದೆ.

"ನೋಡ್ರೀ, ಇದನ್ನ ಓದಿದ್ರೆ ನಗು ಬರುತ್ತೆ."

"ನಗು ಬಂದ್ರೆ ಸುಳ್ಳಾ ಸಾರ್?"

"ನಿಜವಾದ ಪ್ರಮಾಣಪತ್ರ ಯಾವತ್ತೂ ಇಷ್ಟು ಸಲೀಸಾಗಿ ಓದಿಸ್ಕೊಂಡು ಹೋಗಲ್ಲ ಕಣ್ರೀ. ನಂಗೆ ಇಪ್ಪತ್ತೆಂಟು ವರ್ಷದ ಸರ್ವಿಸು."

"ಹಾಗಾದ್ರೆ ಬೇರೆ ಬರೆದುಕೊಡ್ತೀನಿ."

"ಕೊನೇ ದಿನ ಮುಗೀತಲ್ಲ. ಆಮೇಲೆ ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ಸೋದರಮಾವನ ಅಂಗಡೀಲಿ ಕೂತ್ಕೊಳ್ಳೋದನ್ನ ಕೆಲಸ ಅಂತಾರಾ?"

ಈ ಮಾತಿಗೆ ಉತ್ತರ ಹೊರಗೆ ಬರುವಾಗ ಮೂರನೇ ಕೌಂಟರಿನಿಂದ ಸಿಕ್ಕಿತು. ಅಲ್ಲಿ ಒಬ್ಬ ಮುದುಕರು ಯಾವುದೋ ನಮೂನೆ ಹಿಡಿದು ನಿಂತಿದ್ದರು. ಒಳಗಿನಿಂದ ಗುಮಾಸ್ತರು ತಲೆಯೆತ್ತದೆ ಹೇಳುತ್ತಿದ್ದರು: "ಹನ್ನೊಂದನೇ ಕಲಂ ನಂಗೂ ಅರ್ಥ ಆಗಲ್ಲ ಯಜಮಾನ್ರೇ. ಎದುರುಗಡೆ ಜೆರಾಕ್ಸ್ ಅಂಗಡೀಲಿ ಒಂದು ಹುಡುಗಿ ಇದೆ. ಅದರ ಹತ್ರ ಹೋಗಿ, ಅದಕ್ಕೆ ಎಲ್ಲಾ ಗೊತ್ತು." ತಮ್ಮದೇ ಕಚೇರಿ ಎರಡು ವರ್ಷದಿಂದ ದಿನಕ್ಕೆ ಹತ್ತಾರು ಜನರನ್ನು ಅವಳ ಬಳಿಗೆ ಕಳಿಸುತ್ತಿದೆ, ಮಾನ್ಯರೇ. ತಮ್ಮ ನಮೂನೆಯಲ್ಲಿ ಏಳನೇ ಕಲಮ್ಮೂ ಹನ್ನೆರಡನೇ ಕಲಮ್ಮೂ ಒಂದೇ ಪ್ರಶ್ನೆ ಕೇಳುತ್ತವೆಂದು ಕಂಡುಹಿಡಿದವಳು ಅವಳು. ಎರಡಕ್ಕೂ ಬೇರೆ ಬೇರೆ ಉತ್ತರ ಬರೆದು ಸಿಕ್ಕಿಬೀಳುವವರನ್ನು ಉಳಿಸಿದವಳೂ ಅವಳೇ. ರಸ್ತೆಯ ಆ ಬದಿಗೆ ಅವಳು ಅನನುಭವಿ, ಈ ಬದಿಗೆ ಸರ್ವಜ್ಞೆ. ಮೂವತ್ತೆರಡು ಹೆಜ್ಜೆಯಲ್ಲಿ ಒಬ್ಬ ಹುಡುಗಿಯ ಯೋಗ್ಯತೆ ಹೇಗೆ ಸೋರಿಹೋಗುತ್ತದೆ?

ಇನ್ನು ತಮ್ಮ ಸೂಚನಾ ಫಲಕದಲ್ಲಿ ಅಂಟಿಸಿರುವ ಅರ್ಹರ ಪಟ್ಟಿ. ನಲವತ್ತೊಂದು ಹೆಸರು, ಪ್ರತಿ ಹೆಸರಿನ ಮುಂದೆ ಅನುಭವ ಪಡೆದ ಸಂಸ್ಥೆ. ಹದಿನೇಳು ಮಂದಿ ಒಂದೇ ಸಂಸ್ಥೆಯವರು. ಆ ಸಂಸ್ಥೆ ನನ್ನ ಅಂಗಡಿಯಿಂದ ಮೂರನೇ ಮಳಿಗೆ. ಕೊಡೆ ರಿಪೇರಿಯವರು ಬಿಟ್ಟುಹೋದ ಮೇಲೆ ಅದರ ಷಟರ್ ಎತ್ತಿದ್ದನ್ನು ನಾನು ನೋಡಿಲ್ಲ. ಕೊಡೆಯವರಿದ್ದಾಗ ಗಿರಾಕಿ ರಸ್ತೆಯಲ್ಲೇ ನಿಲ್ಲಬೇಕಿತ್ತು, ಒಳಗೆ ಅಷ್ಟೂ ಜಾಗವಿರಲಿಲ್ಲ. ಅಲ್ಲಿ ಹದಿನೇಳು ಕಿರಿಯ ಸಹಾಯಕರು ಎರಡು ವರ್ಷ ದುಡಿದಿದ್ದಾರೆಂದರೆ ಒಬ್ಬರ ಹೆಗಲ ಮೇಲೊಬ್ಬರು ಕೂತಿರಬೇಕು. ಅವರ ಪ್ರಮಾಣಪತ್ರಗಳಲ್ಲಿ ಪ್ರಾಸವಿಲ್ಲ. ಹಾಗಾಗಿ ನೈಜತೆ ಸಂಶಯಾತೀತ.

ತಪ್ಪು ತಿಳಿಯಬೇಡಿ. ಆ ಹದಿನೇಳು ಮಕ್ಕಳನ್ನು ಪಟ್ಟಿಯಿಂದ ಕಿತ್ತುಹಾಕಿ ಎಂದು ನಾನು ಚಾಡಿ ಹೇಳುತ್ತಿಲ್ಲ. ಅವರಲ್ಲಿ ಐದಾರು ಜನರ ಅರ್ಜಿ ತುಂಬಿಕೊಟ್ಟವಳೇ ನನ್ನ ಅಕ್ಕನ ಮಗಳು. ಅವರೂ ಹೊಸಬರೇ, ಅವರಿಗೂ ಅಪ್ಪ ಅಮ್ಮನ ಎದುರು ಊಟಕ್ಕೆ ಕೂರಲು ಮುಜುಗರವಾಗುತ್ತದೆ. ಓದು ಮುಗಿಸಿ ಬಂದ ಮಕ್ಕಳಿಂದ ಮೊದಲ ದಿನವೇ ಒಂದು ಸುಳ್ಳು ಬರೆಸಿಕೊಂಡು ಒಳಗೆ ಬಿಡುವ ಬಾಗಿಲನ್ನು ಇಟ್ಟವರು ಯಾರು? ನಾಳೆ ಅವರೇ ತಮ್ಮ ದಾಖಲೆಗಳನ್ನು ಕಾಯುವವರು.

ಮನೆಯ ಸುದ್ದಿಯನ್ನೂ ಹೇಳಿಬಿಡುತ್ತೇನೆ. ಅಕ್ಕ ಹೊಲಿಗೆಯವಳು, ಮಗಳ ಸಂದರ್ಶನಕ್ಕೆಂದು ಹೊಸ ಅಂಗಿ ಹೊಲಿದು ಗುಂಡಿ ಹಾಕುವುದೊಂದು ಬಾಕಿ ಉಳಿಸಿಕೊಂಡಿದ್ದಳು. ಸುದ್ದಿ ಕೇಳಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, "ನಾಲ್ಕು ಸಾಲು ನೆಟ್ಟಗೆ ಬರೆಯೋಕೆ ನಿನ್ನ ಕೈಗೆ ಏನು ದಾಡಿಯಾಗಿತ್ತೋ?" ಅಂದಳು. ಆ ಮಾತನ್ನು ನಾನು ಹೊಟ್ಟೆಗೆ ಹಾಕಿಕೊಂಡೆ. ಅರಗದಿದ್ದದ್ದು ಮಗಳ ನಡತೆ. ಅವಳು ಬೈಯಲಿಲ್ಲ. ಶುಕ್ರವಾರ ಬೆಳಗ್ಗೆ ಎಂದಿನಂತೆ ಒಂಬತ್ತಕ್ಕೇ ಬಂದು ಯಂತ್ರ ಒರೆಸಿದಳು. ಒಬ್ಬ ಗಿರಾಕಿ, "ಕೆಲಸಕ್ಕೆ ಹಾಕಿದ್ಯಲ್ಲಮ್ಮ, ಏನಾಯ್ತು?" ಎಂದು ಕೇಳಿದ್ದಕ್ಕೆ, "ಇದೇ ಕೆಲಸ ಅಂಕಲ್" ಅಂದಳು. ಇದುವರೆಗೆ ಅವಳು ಯಾರೇ ಕೇಳಿದರೂ "ಕೆಲಸ ಸಿಗೋವರೆಗೆ ಕೂತಿದ್ದೀನಿ" ಎನ್ನುತ್ತಿದ್ದಳು. ಇಪ್ಪತ್ನಾಲ್ಕು ವರ್ಷದ ಹುಡುಗಿ ಅಷ್ಟು ಸುಲಭವಾಗಿ ನನ್ನ ಅಂಗಡಿಯನ್ನು ಒಪ್ಪಿಕೊಂಡದ್ದು ನೋಡಿ ನನಗೆ ನಿಜವಾಗಿ ಹೆದರಿಕೆಯಾಯಿತು. ನಾನೂ ಒಂದು ದಿನ ಹಾಗೆಯೇ ಒಪ್ಪಿಕೊಂಡವನು. ಅದಕ್ಕೇ ಈ ಪತ್ರ.

ನನ್ನ ಬೇಡಿಕೆ ಇಷ್ಟೆ. ಪ್ರಮಾಣಪತ್ರದ ಶೈಲಿಗೆ ಶಿಕ್ಷೆಯಾಗಬೇಕಿದ್ದರೆ ಬರೆದವನಿಗಾಗಲಿ. ಬೇಕಾದರೆ ಮುಚ್ಚಳಿಕೆ ಬರೆದುಕೊಡುತ್ತೇನೆ. ಅದರ ಸತ್ಯಾಸತ್ಯತೆಯನ್ನು ತಿಳಿಯಬೇಕಿದ್ದರೆ ತಾವು ರಸ್ತೆ ದಾಟಿ ಬನ್ನಿ, ಸರದಿಯಲ್ಲಿ ನಿಲ್ಲಿ, ತಮ್ಮದೇ ನಮೂನೆಯನ್ನು ಅವಳಿಂದ ತುಂಬಿಸಿಕೊಳ್ಳಿ. ಹೊಸ ಪ್ರಮಾಣಪತ್ರವನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಪೆನ್ನನ್ನು ನನ್ನ ಕೈಯಿಂದ ಕಸಿದುಕೊಂಡು ಅವಳೇ ಬರೆದಳು, ನನ್ನದು ಸಹಿ ಮಾತ್ರ. ಮೂರು ದಿನದ ಬ್ರೆಡ್ಡಿನಷ್ಟು ಒಣಗಿದೆ. ತಮಗೆ ಖಂಡಿತ ರುಚಿಸುತ್ತದೆ. ಅವಳ ಹೆಸರನ್ನು ನಲವತ್ತೆರಡನೆಯದಾಗಿ ಸೇರಿಸಿ. ಕೆಲಸ ಕೊಡಿ ಎನ್ನುತ್ತಿಲ್ಲ, ಕರೆದು ಕೇಳಿ ಎನ್ನುತ್ತಿದ್ದೇನೆ. ಜೊತೆಗೆ, ಮುಂದಿನ ಪ್ರಕಟಣೆಯಿಂದ ಆ ಐದನೇ ಸಾಲನ್ನು ತೆಗೆದುಹಾಕಿ. ಕರೆ ಬಂದರೂ ಬಾರದಿದ್ದರೂ ಸೋಮವಾರ ಹತ್ತಕ್ಕೆ ಅವಳು ತಮ್ಮ ಮೊಗಸಾಲೆಯ ಬೆಂಚಿನ ಮೇಲೆ ಕೂತಿರುತ್ತಾಳೆ. ಗುಂಡಿ ಹಾಕಿ ಆಗಿದೆ.

ತಾವು ಈ ಪತ್ರಕ್ಕೆ ಓಗೊಟ್ಟರೆ ನಷ್ಟ ನನಗೇ ಎಂಬುದು ಬರೆಯುತ್ತಾ ಬರೆಯುತ್ತಾ ಅರಿವಿಗೆ ಬಂತು. ಹನ್ನೊಂದನೇ ಕಲಂ ಏನು ಕೇಳುತ್ತದೆಂದು ನನಗೆ ಇಂದಿಗೂ ಗೊತ್ತಿಲ್ಲ. ಹಾಗಾಗಿ ಮುನ್ನೆಚ್ಚರಿಕೆಯಿಂದ ಇಂದು ಬೆಳಗ್ಗೆಯೇ ಹಸಿರು ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದೇನೆ: "ಸಹಾಯಕರು ಬೇಕಾಗಿದ್ದಾರೆ. ಓದು ಈಗಷ್ಟೇ ಮುಗಿದಿದ್ದರೂ ಸರಿ. ಅನುಭವ ಬೇಕಿಲ್ಲ, ಇಲ್ಲೇ ಕೊಡಲಾಗುವುದು."

ಇಂತಿ,
ಸೋಮವಾರದಿಂದ ಒಬ್ಬಂಟಿಯಾಗಲು ಸಿದ್ಧನಿರುವ,
ತಮ್ಮ ಎದುರು ಬದಿಯ ಜೆರಾಕ್ಸ್ ಅಂಗಡಿಯವ