ಕರಿಯಣ್ಣನವರ ಎರಡು ಎಲೆ

ಗೋಪಾಳ, ಶಿವಮೊಗ್ಗ
ಮಂಗಳವಾರ

ಭದ್ರಾವತಿಯ ಕರಿಯಣ್ಣನವರಿಗೆ ನಮಸ್ಕಾರ.

ಭಾನುವಾರ ನಮ್ಮಲ್ಲಿ ಮರೆತುಹೋದ ಸ್ಟೀಲ್ ಡಬ್ಬಿಯನ್ನು ನಿಮ್ಮ ಮಗ ಲೋಹಿತ್ ಕೈಯಲ್ಲಿ ಕಳಿಸುತ್ತಿದ್ದೇನೆ. ಒಳಗೆ ಈ ಪತ್ರ ಇಟ್ಟಿದ್ದೇನೆ.

ಅವತ್ತು ಅವನು ನಮಗೆಲ್ಲ ಕಲಿಸಿದ ಪೋಕರ್ ಆಟ ಇನ್ನೂ ನನ್ನ ತಲೆಯಿಂದ ಇಳಿದಿಲ್ಲ. ಎರಡು ದಿನದಿಂದ ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದೇನೆ. ಪಣಕ್ಕಿದ್ದದ್ದು ಬರೀ ಹುಣಸೆ ಬೀಜ, ಗೊತ್ತು. ಕೈಯಲ್ಲಿ ಒಳ್ಳೆಯ ಎಲೆ ಇಲ್ಲದಿದ್ದರೂ ಬೀಜ ತಳ್ಳಿ ಎದುರಿನವರನ್ನು ಹೆದರಿಸಿ ಗೆಲ್ಲಬಹುದು ಎಂದು ಅವನೇ ಹೇಳಿಕೊಟ್ಟಿದ್ದ. ಗುಟ್ಟಾಗಿ ಹಂಚಿದ ಎರಡೆರಡು ಎಲೆಯಲ್ಲಿ ನನ್ನ ಕೈಗೆ ಎರಡೂ ರಾಜ ಬಂದಿದ್ದವು. ಜಮಖಾನದ ಮೇಲೆ ಎಲ್ಲರಿಗೂ ಸೇರಿ ಬಿಚ್ಚಿಟ್ಟ ಎಲೆಗಳಲ್ಲಿ ಒಂಬತ್ತಕ್ಕಿಂತ ದೊಡ್ಡದು ಇರಲಿಲ್ಲ. ನೀವು ಇದ್ದಬದ್ದ ಬೀಜವನ್ನೆಲ್ಲ ಮುಂದೆ ತಳ್ಳಿ, ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗಿದಿರಿ. ಗಂಡಿನ ಕಡೆಯವರ ಎದುರು ಹಟ ಯಾಕೆಂದು ನಾನು ಆಟ ಬಿಟ್ಟುಕೊಟ್ಟು ಎಲೆ ಮಗುಚಿಟ್ಟೆ. ಏನಿತ್ತು ಎಂದು ಕೇಳಿದರೆ, "ನೀವೂ ಬೀಜ ಕಟ್ಟಿದ್ರೆ ತೋರಿಸ್ತಿದ್ದೆ ಬೀಗಿತ್ತಿಯವ್ರೆ" ಎಂದು ನಕ್ಕಿರಿ.

ಊಟಕ್ಕೆ ಮೊದಲು, ಮದುವೆಯಾದ ಮೇಲೂ ನನ್ನ ಮಗಳು ಪ್ರಿಯದರ್ಶಿನಿ ಲ್ಯಾಬ್ ಕೆಲಸಕ್ಕೆ ಹೋಗಬಹುದೇ ಎಂದು ಕೇಳಿದ್ದೆ. "ಹೋಗ್ಲಿ ಬಿಡಿ, ನಮ್ದೇನ್ ಅಡ್ಡಿ ಇಲ್ಲ" ಅಂದಿರಿ. ಆಗಲೂ ಕನ್ನಡಕ ಒರೆಸುತ್ತಿದ್ದಿರಿ.

ನಿಶ್ಚಿತಾರ್ಥದ ದಿನವನ್ನು ಶುಕ್ರವಾರದೊಳಗೆ ಛತ್ರದವರಿಗೆ ತಿಳಿಸಬೇಕು. ಅದಕ್ಕೆ ಮುಂಚೆ ನಿಮ್ಮ ಕೈಯಲ್ಲಿದ್ದ ಎರಡು ಎಲೆ ಯಾವುವೆಂದು ಬರೆದು ಲೋಹಿತ್ ಕೈಯಲ್ಲೇ ಕಳಿಸಿ. ಫೋನ್ ಬೇಡ, ನೀವು ನಕ್ಕುಬಿಡುತ್ತೀರಿ. ಬೀಜ ಹೋದರೆ ಹೋಗಲಿ. ಈ ಸಲ ನಾನು ಎಲೆ ನೋಡದೆ ಏಳುವವಳಲ್ಲ.

ಇನ್ನೂ ನಿಮ್ಮ ಬೀಗಿತ್ತಿಯಾಗದ,
ವಿಮಲಮ್ಮ