ಮಡಚಿದ ಬೆರಳು

೧೬ ಜನವರಿ ೨೦೨೪, ಮಧ್ಯಾಹ್ನ

ಹೀರೇಕಾಯಿ ಹರಿದು ಮುಗಿಯಿತು. ಎರಡು ಬುಟ್ಟಿ. ಇವರು ನಿಪ್ಪಾಣಿ ಬಾಜಾರಕ್ಕೆ ಹೋದರು. ನನ್ನ ಸೊಂಟ ಹಿಡಿದಿದೆ, ಅದನ್ನು ಕೇಳುವವರಿಲ್ಲ.

ತೋಟಗಾರಿಕೆ ಆಫೀಸಿನ ಹೊಸ ಮೇಡಂ ಬಳ್ಳಿ ನೋಡಲು ಬಂದಿದ್ದರು. "ಎಷ್ಟು ಹೀಚು ಬಿಟ್ಟಿದೆ" ಅಂತ ತೋರುಬೆರಳು ನೆಟ್ಟಗೆ ಚಾಚಿಬಿಟ್ಟರು. ಅತ್ತೆ ಹೌಹಾರಿದರು. "ಬೆರಳ ಮಡಚ್ರಿ ಬಾಯಾರ, ಹೀಚ ಕೊಳೀತಾವ." ಮೇಡಂ ನಕ್ಕರು. ಕೊಳೆಸೋದು ಹಣ್ಣಿನ ನೊಣ ಅಜ್ಜಿ, ಟ್ರ್ಯಾಪ್ ಕಟ್ಟಿ ಅಂದರು. ಅತ್ತೆ ಮಧ್ಯಾಹ್ನದ ತನಕ ಮೋರೆ ಊದಿಸಿಕೊಂಡಿದ್ದರು.

ಮೇಡಂ ಹೇಳಿದ್ದೇ ಖರೆ. ಪಿಯುಸಿ ಓದಿದವಳಿಗೆ ಇಷ್ಟೂ ತಿಳಿಯದೇ? ಆದರೆ ತಿಳಿದವಳ ಬೆರಳೂ ತಾನೇ ಮಡಚಿಕೊಳ್ಳುತ್ತದೆ. ಹುಟ್ಟಿದ ಮನೆಯಲ್ಲೂ ಬಳ್ಳಿ, ಕೊಟ್ಟ ಮನೆಯಲ್ಲೂ ಬಳ್ಳಿ. ಸ್ಟ್ಯಾಂಡಿನಲ್ಲಿ ಚಿಕ್ಕೋಡಿ ಬಸ್ ತೋರಿಸುವಾಗಲೂ ಮಡಚಿದ ಬೆರಳಿನ ಗೆಣ್ಣೇ ಮುಂದೆ. ಇವರು ಚ್ಯಾಷ್ಟಿ ಮಾಡುತ್ತಾರೆ — "ಬಸ್ ಕೊಳೀತೈತೇನ?"

೧೯ ಜನವರಿ, ಬೆಳಗ್ಗೆ ೧೧

 ಕಂಡದ್ದನ್ನು ಬರೆದಿಡುತ್ತೇನೆ.

ಇಬ್ರಾಹಿಮ ಕಾಕಾ ಹೋದರು. ಸೈಕಲ್ ಮೇಲೆ ಪಾವು, ಖಾರಿ ಬಿಸ್ಕೀಟು ತರುತ್ತಿದ್ದ ಕಾಕಾ. ಏಳು ಗಂಟೆ. ತೆಳ್ಳಗೆ ಮಂಜು. ನಾನು ರಸ್ತೆ ಬದಿಯ ಸಾಲಿನಲ್ಲಿದ್ದೆ. ಪಕ್ಕದ ಹೊಲದ ಭೂಪಾಲಣ್ಣನ ಕಬ್ಬಿನ ಟ್ರ್ಯಾಕ್ಟರ್ ಭೋಜ ಊರಿನ ಕಡೆಯಿಂದ ಬಂತು. ಸ್ಟೇರಿಂಗ್ ಹಿಡಿದವನು ಅವರ ಮಗ ಅಭಿನಂದನ. ಒಂದು ಕೈಯಲ್ಲಿ ಮೊಬೈಲ್. ಅವರ ಆಳು ಮಾಳಸಿದ್ದ ಮಡ್‌ಗಾರ್ಡ್ ಮೇಲೆ ಕೂತಿದ್ದ. ಹತ್ತು ಮಾರು ದೂರ. ಚೆನ್ನಾಗಿ ಕಂಡೆ. ಆಮೇಲೆ ಸಪ್ಪಳ. ಸೈಕಲ್ ಗಾಲಿಯ ಕೆಳಗೆ.

ಓಡಿದೆ. ಕಾಕಾನ ಕಣ್ಣು ತೆರೆದಿತ್ತು. ಬಲಗೈಯ ತೋರುಬೆರಳು ಎತ್ತಿದರು. ತುಸು ಹೊತ್ತು ಹಾಗೇ ಇತ್ತು... ಆಮೇಲೆ ಬಿತ್ತು.

ಪೊಲೀಸರು ಬರುವಷ್ಟರಲ್ಲಿ ಅಭಿನಂದನ, ಮಾಳಸಿದ್ದ ಇಬ್ಬರೂ ಬೇವಿನ ಗಿಡದ ಕೆಳಗೆ ಒತ್ತಿಕೊಂಡು ನಿಂತಿದ್ದರು. ಹಿಂದೆ ಭೂಪಾಲಣ್ಣ. ಸಾಹೇಬರು ಕೇಳಿದರು, "ಗಾಡಿ ಯಾರ ಹೊಡ್ಯಾಕತ್ತಿದ್ರವ್ವಾ?" ತೋರಿಸಿದೆ. ಬೆರಳು ಮಡಚಿಕೊಂಡಿತ್ತು. ಗೆಣ್ಣು ಎತ್ತ ಹೊರಳಿತ್ತೋ... ಸಾಹೇಬರು ಮಾಳಸಿದ್ದನ ರಟ್ಟೆ ಹಿಡಿದರು. "ಇವನ ಏನ?" ನನಗೆ ಬಾಯೇ ಬರಲಿಲ್ಲ. ಬರೆದುಕೊಂಡರು. ಸಹಿ ಹಾಕಿದೆ.

ನಾನು ತೋರಿಸಿದ್ದು ಅಭಿನಂದನನನ್ನು.

೨೦ ಜನವರಿ

ಇವರಿಗೆ ಎಲ್ಲಾ ಹೇಳಿದೆ. ಚಹಾದ ಕಪ್ಪು ಕೆಳಗಿಟ್ಟರು. ಆಮೇಲೆ, "ನಡಿ, ಠಾಣೆಗೆ ಹೋಗಿ ತಿದ್ದಿಸೂಣು. ತಪ್ಪ ಯಾರದ್ದೂ ಅಲ್ಲ, ಬೆರಳಿನದ" ಅಂದರು.

ಚಹಾ ಆರುವ ಮೊದಲೇ ಭೂಪಾಲಣ್ಣ ಬಂದರು. ಕೂಡಲಿಲ್ಲ. ನಮ್ಮ ಇಪ್ಪತ್ತು ಗುಂಟೆ ಕುಡಿಯುವುದು ಅವರ ಬಾವಿಯ ನೀರು. ಮಾವನವರ ಕಾಲದಿಂದ, ಬರೀ ಮಾತಿನ ಮೇಲೆ. "ಈ ಸಲ ಬ್ಯಾಸಿಗಿ ಬಿರುಸ ಐತಂತ ತಂಗೀ. ನೀರಿನ ಚಿಂತಿ ಮಾಡಬ್ಯಾಡ್ರಿ" ಅಂದರು. ಬೇರೆ ಒಂದು ಮಾತಿಲ್ಲ. ಹೋದರು.

ಇವರು ಪಂಪಿನ ಪೈಪ್ ನೋಡಿ ಬರುತ್ತೇನೆ ಅಂತ ಹೊಲಕ್ಕೆ ಹೋದರು. ಠಾಣೆಯ ಮಾತು ಇವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

೪ ಫೆಬ್ರುವರಿ

ಕಾಕಾನ ಮಗಳು ಮೆಹೆಕ ಬಂದಿದ್ದಳು. ಊರಲ್ಲಿ ಒಂದು ಮಾತು ಎದ್ದಿದೆ — ಕಾಕಾ ಸಾಯುವಾಗ ಬೆರಳು ಮಾಡಿ ಮಾಳಸಿದ್ದನನ್ನೇ ತೋರಿಸಿದರಂತೆ. ಯಾರು ಹುಟ್ಟಿಸಿದರೋ. ಆಗ ಕಾಕಾನ ಹತ್ತಿರ ಇದ್ದವಳು ನಾನೊಬ್ಬಳೇ.

"ಅಬ್ಬಾ ಯಾರ್ನೂ ತೋರ್ಸಿಲ್ಲ ಅಕ್ಕಾ" ಅಂದಳು. "ಕಲಮಾ ಹೇಳುವಾಗ ಆ ಬೆರಳ ಎತ್ತತೀವಿ. ಅಲ್ಲಾ ಒಬ್ಬಾಂವ ಅಂತ. ಕಡೀ ಉಸುರಿನ್ಯಾಗ ಅದು ಬಂದ್ರ ದೊಡ್ಡ ಪುಣ್ಯಾ." ಕಣ್ಣು ಒರೆಸಿಕೊಂಡಳು. ಆಮೇಲೆ ನನ್ನ ಕೈ ಹಿಡಿದು, "ನೀವು ಕಂಡೀರಿ. ನಿಮ್ಮ ಸಾಕ್ಷಿ ಇದ್ರ ನಮಗ ಸಾಕು" ಅಂದಳು.

ಕೈ ಬಿಡಿಸಿಕೊಳ್ಳಬೇಕು ಅನ್ನಿಸಿತು. ಅವಳು ಹಿಡಿದಿದ್ದು ಅದೇ ಕೈ.

೧೧ ಆಗಸ್ಟ್

ಆರು ತಿಂಗಳು ಈ ಡೈರಿ ಮುಟ್ಟಿಲ್ಲ. ಏನಂತ ಬರೆಯಲಿ. ನೀರು ಬಂತು, ಕಾಯಿ ಬಂತು, ಉಂಡೆವು.

ಮಾಳಸಿದ್ದ ಜಾಮೀನಿನ ಮೇಲೆ ಹೊರಗಿದ್ದಾನೆ. ಕೆಲಸ ಇಲ್ಲ. ಮನುಷ್ಯನ ಮೇಲೆ ಗಾಡಿ ಹಾಯಿಸಿದವನು ಅಂತ ಯಾರೂ ಕರೆಯುವುದಿಲ್ಲ. ಇವತ್ತು ಅವನ ಹೆಂಡತಿ ಚನ್ನವ್ವ ಬಂದಳು. ಹೋದ ವರ್ಷ ನಮ್ಮಲ್ಲೇ ಕಾಯಿ ಹರಿಯಲು ಬರುತ್ತಿದ್ದಳು. ಬಯ್ಯುತ್ತಾಳೆ ಅಂದುಕೊಂಡೆ. ಬಯ್ದಿದ್ದರೆ ಛಲೋ ಇತ್ತು.

"ಅಕ್ಕಾರ, ಆಣಿ ಮಾಡ್ಸಾಕ ಬಂದಿಲ್ಲ. ನನ್ನ ಗಂಡಗ ಟ್ರ್ಯಾಕ್ಟರ್ ಹೊಡ್ಯಾಕ ಬರೂದ ಇಲ್ಲ. ಅಷ್ಟ ಹೇಳಾಕ ಬಂದೆ."

ಚಹಾ ಕೊಟ್ಟೆ. ಕುಡಿದಳು. ಕಪ್ಪು ತೊಳೆದಿಟ್ಟು ಹೋದಳು. ಗಾಡಿ ಹೊಡೆಯಲು ಬಾರದವನು... ಎರಡು ವರ್ಷ ಆಗಬಹುದಂತೆ ಶಿಕ್ಷೆ.

೨೮ ಮಾರ್ಚ್ ೨೦೨೫

ಸಮನ್ಸ್ ಬಂತು. ಏಪ್ರಿಲ್ ೨೪, ಹತ್ತೂವರೆಗೆ. ಪೇದೆ ಹೇಳಿದ, ಏನಿಲ್ಲವಂತೆ — ಜಡ್ಜ್ ಸಾಹೇಬರ ಮುಂದೆ ನಿಂತು, ಗಾಡಿ ಹೊಡೆದವನು ಯಾರು ಅಂತ ಬೆರಳು ಮಾಡಿ ತೋರಿಸುವುದು. ಐದು ನಿಮಿಷದ ಕೆಲಸ.

ರಾತ್ರಿ ಊಟಕ್ಕೆ ಕೂತಾಗ ಹೇಳಿಬಿಟ್ಟೆ. ಇದ್ದದ್ದನ್ನೇ ಹೇಳುತ್ತೇನೆ ಅಂತ. ಇವರು ರೊಟ್ಟಿ ಮುರಿಯುತ್ತ, "ವಿಚಾರ ಮಾಡಿಯೇನ?" ಅಂದರು. ಮಾಡಿದ್ದೇನೆ ಅಂದೆ. ಸುಳ್ಳು. ವಿಚಾರ ಮಾಡಿದರೆ ಧೈರ್ಯ ಹೋಗುತ್ತದೆ.

೧೩ ಏಪ್ರಿಲ್

ಭೂಪಾಲಣ್ಣನಿಗೆ ಮಾತು ಹೇಗೆ ಮುಟ್ಟಿತೋ. ಮೂರು ದಿನದಿಂದ ನೀರಿಲ್ಲ. ಬಾವಿಯ ಮೇಲಿನ ವಾಲ್ವ್ ತಿರುವಿ ಬೀಗ ಹಾಕಿದ್ದಾರೆ. ಇವರು ಕೇಳಲು ಹೋದರೆ, "ಮೋಟರ್ ಸುಟ್ಟೈತಿ" ಅಂದರಂತೆ ಭೂಪಾಲಣ್ಣ. ಅವರ ಬೆನ್ನ ಹಿಂದೆಯೇ ಅವರ ಕಬ್ಬಿಗೆ ನೀರು ಹರಿಯುತ್ತಿತ್ತಂತೆ.

೧೭ ಏಪ್ರಿಲ್

ಹೂವು ಉದುರಿವೆ. ಹೀಚು ಹಳದಿ ತಿರುಗಿವೆ. ಯಾರೂ ಬೆರಳು ತೋರಿಸಿಲ್ಲ ಅವಕ್ಕೆ.

ಕೊಡ ಹೊತ್ತು ಎಷ್ಟಂತ ಉಳಿಸುವುದು. ಇವರು ಜಗಳಾಡುವುದಿಲ್ಲ. ಅದೇ ಕಷ್ಟ. ಬೆಳಗ್ಗೆ ಎದ್ದು ಬಾಡಿದ ಸಾಲು ನೋಡುತ್ತಾರೆ, ಒಳಗೆ ಬರುತ್ತಾರೆ. ಈ ವಯಸ್ಸಿನಲ್ಲಿ ಇನ್ನೊಬ್ಬರ ಹೊಲಕ್ಕೆ ಕೂಲಿ ಹೋಗಬೇಕಾದರೆ ಅದು ನನ್ನಿಂದ. ಅಂಜಿಕೆ ಆಗುತ್ತಿದೆ. ಕೋರ್ಟಿನಲ್ಲೂ ಗೆಣ್ಣನ್ನೇ ಮುಂದೆ ಮಾಡಿದರೆ? ರೂಢಿ ಅನ್ನಬಹುದು. ಎಲ್ಲರೂ ನಂಬುತ್ತಾರೆ. ಒಮ್ಮೆ ನಂಬಿದ್ದಾರಲ್ಲ.

೨೦ ಏಪ್ರಿಲ್, ಮಧ್ಯಾಹ್ನ

ಮನೆಯಲ್ಲಿ ಯಾರೂ ಇರಲಿಲ್ಲ. ಕನ್ನಡಿಯ ಮುಂದೆ ನಿಂತು ಬೆರಳು ಚಾಚಿ ನೋಡಿದೆ. ಚಾಚಿತು. ನೆಟ್ಟಗೆ. ಏನೂ ತ್ರಾಸಿಲ್ಲದೆ.

ಈಗ ಬರೆಯುತ್ತೇನೆ. ಓದುವವರಿಲ್ಲ, ಆದರೂ ಇಷ್ಟು ದಿನ ಬರೆಯಲಾಗಲಿಲ್ಲ.

ಹೀಚಿಗೆ ಬೆರಳು ಮಡಚಿದರೂ ಕಣ್ಣು ಹೀಚಿನ ಮೇಲೇ ಇರುತ್ತದೆ. ಅವತ್ತು ನಾನು ನೆಲ ನೋಡುತ್ತಿದ್ದೆ. ಅಭಿನಂದನನ ಹಿಂದೆ ನಿಂತ ಭೂಪಾಲಣ್ಣ ನನ್ನನ್ನೇ ನೋಡುತ್ತಿದ್ದರು, ಅದಕ್ಕೆ. ಜನವರಿ ೧೯ರ ಪುಟದಲ್ಲಿ ಬಾಯೇ ಬರಲಿಲ್ಲ ಅಂತ ಬರೆದಿದ್ದೇನೆ. ಬಂದಿತ್ತು. ಸಾಹೇಬರು "ಇವನ ಏನ?" ಅಂದಾಗ ನಾನು "ಹೂಂ" ಅಂದೆ.

ಹೂಂ ಅಂದೆ. ತಪ್ಪು ಬೆರಳಿನ ಮೇಲೆ ಹಾಕಿ ಹದಿನೈದು ತಿಂಗಳು ಬಾಳೇವು ಮಾಡಿದೆ.

ಕನ್ನಡಿಯ ಮುಂದೆ ಬೆರಳು ಚಾಚಿದಾಗ, ಹಿಂದಿರುಗಿ ನೋಡಿದರೆ ಅತ್ತೆ ಬಾಗಿಲಲ್ಲಿ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಬೆರಳು ಇಳಿಸಿದೆ. ಹತ್ತಿರ ಬಂದು, "ಮಡಚಂತ ನಾ ಹೀಚಿಗೆ ಹೇಳಿದ್ದೆ ಬೇ" ಅಂದರು. "ಮಂದಿಗಲ್ಲ."

ನನಗೆ ಅಳು ಬಂತು. ಅವರು ಸೆರಗಿನಿಂದ ನನ್ನ ಮುಖ ಒರೆಸಿದರು. ಮದುವೆಯಾಗಿ ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ.

೨೪ ಏಪ್ರಿಲ್, ೧೧.೪೦, ಕೋರ್ಟ್ ವರಾಂಡ

ಇವರೇ ಗಾಡಿ ಮೇಲೆ ಕರೆತಂದರು.  ಇಳಿದ ಮೇಲೆ, "ನೆಟ್ಟಗ ಹೇಳು, ಮುಂದಿನದ ಮುಂದ" ಅಂದರು. ಈಗ ಕೆಳಗೆ ಪಾರ್ಕಿಂಗಿನಲ್ಲಿ ನಿಂತಿದ್ದಾರೆ, ಹೆಲ್ಮೆಟ್ ಕೂಡ ತೆಗೆದಿಲ್ಲ.

ಮೆಹೆಕಳಿಗೆ ಈಗಷ್ಟೇ ಹೇಳಿದೆ, ಹೂಂ ಅಂದದ್ದನ್ನೂ. ನನ್ನ ಪಕ್ಕದಿಂದ ಎದ್ದು ಆಚೆ ಬೆಂಚಿಗೆ ಹೋಗಿ ಕೂತಳು. ಕೂರಲಿ. ಹೋಗಿ ಕೂತದ್ದು ಚನ್ನವ್ವನ ಪಕ್ಕ.

ಮೊದಲು ಕೊಟ್ಟ ಹೇಳಿಕೆ ಸುಳ್ಳೇನು ಅಂತ ಕೇಳುತ್ತಾರಂತೆ. ಹೌದು ಅನ್ನಬೇಕು. ನನ್ನ ಮೇಲೂ ಕೇಸು ಆಗಬಹುದಂತೆ.  

ಎದುರಿಗೆ ಅಭಿನಂದನ. ಅವನೂ ಸಾಕ್ಷಿಯೇ, ಮಾಳಸಿದ್ದನ ವಿರುದ್ಧ. ಬಿಳಿ ಅಂಗಿ. ಪಕ್ಕದಲ್ಲಿ ಭೂಪಾಲಣ್ಣ. ಇಬ್ಬರೂ ನನ್ನನ್ನೇ ನೋಡುತ್ತಿದ್ದಾರೆ, ಅವತ್ತಿನ ಹಾಗೇ.

ನಾನೂ ನೋಡುತ್ತಿದ್ದೇನೆ. ಅಭಿನಂದನ ಕಣ್ಣು ಇಳಿಸಿದ.

ನನ್ನ ಹೆಸರು ಕೂಗಿದರು. ರಾಜಮತಿ ಸುಹಾಸ ಮಗದುಮ್ಮ... ಎರಡನೇ ಸಲ. ಪೆನ್ನು ಇವರ ಕೈಯಲ್ಲಿ ಕೊಟ್ಟು ಹೋಗೋಣ ಅಂದರೆ ಇವರು ಕೆಳಗೆ — ಇರಲಿ, ಇಲ್ಲೇ ಬೆಂಚಿನ ಮೇಲೆ ಇಡುತ್ತೇನೆ, ತೋರಿಸಲು ಬಲಗೈ ಖಾಲಿ ಬೇಕು